ಹುಲಿಗೆ ಊಟ ಹಾಕಿದ್ದು ಯಾರು?

ನನ್ನ ಮಗಳಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಬಹಳ ಕಡಿಮೆ. ಬರುವ ಹತ್ತು ಹದಿನೈದು ಪದಗಳೂ ಬೇಕಾದ ಹೊತ್ತಿಗೆ ಬಾಯಿಗೆ ಬರುವುದಿಲ್ಲ. ಹಾಗಾಗಿ ಅವಳ ಜೊತೆ ಸದಾ ಒಂದು ಫೈಲು ಇರುತ್ತದೆ. ಅದರೊಳಗೆ ವೆಲ್ಕ್ರೋ ಅಂಟಿಸಿದ ಪುಟ್ಟ ಚಿತ್ರದ ಕಾರ್ಡುಗಳು: ನೀರು, ಊಟ, ಬೇಡ, ಇನ್ನೂ ಬೇಕು, ಸಾಕು, ಹೊರಗೆ. ಬೇಕಾದ ಕಾರ್ಡನ್ನು ಕಿತ್ತು ನಮ್ಮ ಕೈಗೆ ಕೊಡುತ್ತಾಳೆ. ಹೈದರಾಬಾದಿನಲ್ಲಿದ್ದರೂ ನಮ್ಮ ಮನೆಯ ಕಾರ್ಡುಗಳ ಕೆಳಗೆ ಕನ್ನಡ ಅಕ್ಷರಗಳಿವೆ.

ಕಳೆದ ಬೇಸಿಗೆ ರಜೆಯಲ್ಲಿ ಅವಳಿಗೆ ಒಂದಾದರೂ ಕನ್ನಡದ ಕಥಾಪಾಠ ಹೇಳಿಕೊಡಬೇಕೆಂದು ಹಟ ಹಿಡಿದು ‘ಗೋವಿನ ಹಾಡ’ನ್ನು ಎತ್ತಿಕೊಂಡೆ. ನಮ್ಮಲ್ಲಿ ಎಷ್ಟೋ ತಲೆಮಾರು ಶಾಲೆಯಲ್ಲಿ ಕಲಿತ ಕಥೆ ಅದು. ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮ ನನ್ನನ್ನು ಮಲಗಿಸುವಾಗ ಹಾಡುತ್ತಿದ್ದದ್ದೂ ಅದನ್ನೇ. ಇಡೀ ಹಾಡು ಮಗಳಿಗೆ ಕಷ್ಟ ಎನ್ನಿಸಿ ಎಂಟು ಕಾರ್ಡು ಮಾಡಿದೆ. ಒಂದೊಂದರಲ್ಲೂ ಒಂದು ಚಿತ್ರ, ಒಂದು ವಾಕ್ಯ:

ಒಂದು ಹಸು ಇತ್ತು. ಹಸು ಕಾಡಿಗೆ ಹೋಯಿತು. ಹುಲಿ ಬಂತು. ಹಸು ಅತ್ತಿತು. ಹಸು ಮನೆಗೆ ಹೋಯಿತು. ಹಸು ಮತ್ತೆ ಬಂತು. ಹುಲಿ ಒಳ್ಳೆಯದಾಯಿತು. ಹಸು ನಿಜ ಹೇಳಿತು, ನಾವೂ ನಿಜ ಹೇಳೋಣ.

ನಾಲ್ಕು ದಿನ ಹೇಳಿಕೊಟ್ಟೆ. ಮಗಳು ಕಾರ್ಡುಗಳನ್ನು ತಪ್ಪಿಲ್ಲದೆ ಸಾಲಾಗಿ ಜೋಡಿಸಿದಳು. ನನಗೋ ಹಿಗ್ಗು. ಐದನೆಯ ದಿನ ಜೋಡಿಸಿ ಮುಗಿಸಿದವಳು ತನ್ನ ಫೈಲಿನಿಂದ ‘ಊಟ’ದ ಕಾರ್ಡನ್ನು ಕಿತ್ತು ಹುಲಿಯ ಚಿತ್ರದ ಮೇಲಿಟ್ಟಳು. ಹಸಿವಾಗಿದೆ ಪಾಪ ಎಂದು ಎದ್ದು ಹೋಗಿ ಮೊಸರನ್ನ ಕಲಸಿ ತಂದೆ. ಅವಳು ತಿನ್ನಲಿಲ್ಲ. ಬಟ್ಟಲನ್ನು ನೆಲದ ಮೇಲೆ ದೂಡುತ್ತಾ ದೂಡುತ್ತಾ ಹೋಗಿ ಹುಲಿಯ ಮುಂದೆ ನಿಲ್ಲಿಸಿದಳು.

ಅವಳ ಪ್ರಶ್ನೆ ನನಗೆ ಆಮೇಲೆ ಹೊಳೆಯಿತು. ಹಸುವೇನೋ ಮನೆಗೆ ಹೋಯಿತು. ಹುಲಿಗೆ ಊಟ?

ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕಥಾಪಾಠಗಳನ್ನು ‘ಸರಳ’ಗೊಳಿಸುವುದನ್ನು ನಾವು ಬೋಧನೆಯ ತಂತ್ರವೆಂದಷ್ಟೇ ನೋಡುತ್ತೇವೆ. ನನಗೀಗ ಅದು ವಿಮರ್ಶೆಯ ಕೆಲಸ ಅನ್ನಿಸುತ್ತದೆ. ಯಾವ ವಾಕ್ಯ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಆ ಕಥೆ ಯಾವುದರ ಮೇಲೆ ನಿಂತಿದೆ ಎಂದು ಮೊದಲೇ ತೀರ್ಪು ಕೊಟ್ಟಿರುತ್ತಾರೆ. ನಾನು ತಪ್ಪು ತೀರ್ಪು ಕೊಟ್ಟಿದ್ದೆ. ಅದನ್ನು ಹಿಡಿದವಳು ಮಾತೇ ಬಾರದ ಮಗಳು.

ನನ್ನ ಎಂಟು ವಾಕ್ಯಗಳನ್ನು ಬೇರೆ ಯಾರೋ ಬರೆದದ್ದು ಎಂಬಂತೆ ಮತ್ತೆ ಓದಿ ನೋಡಿದೆ. ಮೊದಲು ಕಂಡದ್ದು ಅಲ್ಲಿ ‘ಯಾಕೆ’ ಎಂಬುದೇ ಇಲ್ಲ ಎನ್ನುವುದು. ಹುಲಿ ಯಾಕೆ ಬಂತು? ಹಸು ಯಾಕೆ ಅತ್ತಿತು? ಹೋದದ್ದು ಯಾಕೆ, ಹಿಂದಿರುಗಿದ್ದು ಯಾಕೆ? ಒಂದಕ್ಕೂ ಉತ್ತರವಿಲ್ಲ. ಹಾಡಿನಲ್ಲಿ ಹುಲಿ ಹಸಿದಿದೆ, ಕೊಟ್ಟಿಗೆಯಲ್ಲಿ ಕರು ಹಸಿದಿದೆ. ಈ ಎರಡು ಹಸಿವಿನ ನಡುವೆ ಹಸು ಸಿಕ್ಕಿಹಾಕಿಕೊಂಡಿದೆ. ನಾನು ಎರಡೂ ಹಸಿವನ್ನು ತೆಗೆದುಹಾಕಿದ್ದೆ, ಕರುವನ್ನೇ ತೆಗೆದುಹಾಕಿದ್ದೆ. ಉಳಿದದ್ದು ಓಡಾಟ ಮಾತ್ರ. ಹೋಯಿತು, ಬಂತು, ಹೋಯಿತು, ಬಂತು. ಸಿಟಿ ಬಸ್ಸಿನ ವೇಳಾಪಟ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಹೀಗಾಗಲು ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಚಿಕ್ಕ ವಾಕ್ಯ ಬರೆಯಿರಿ, ಒಂದು ವಾಕ್ಯಕ್ಕೆ ಒಂದೇ ಕ್ರಿಯೆ ಸಾಕು’ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಕನ್ನಡದಲ್ಲಿ ಕಾರಣವೆಂಬುದು ಬಹಳ ಸಲ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ‘ಹಸಿದಿದ್ದರಿಂದ’, ‘ಹಾಲು ಕುಡಿಸಲೆಂದು’, ‘ಮಾತು ಕೊಟ್ಟಿದ್ದಕ್ಕೆ’. ಉದ್ದದ ವಾಕ್ಯವನ್ನು ಕತ್ತರಿಸುವಾಗ ಮೊದಲು ಉದುರುವುದು ಈ ಬಾಲಗಳೇ. ಅವುಗಳ ಜಾಗದಲ್ಲಿ ‘ಅದಕ್ಕೇ’ ಎಂಬ ಒಂದು ಪುಟ್ಟ ಪದವನ್ನಾದರೂ ಇಡದಿದ್ದರೆ ಮಗುವಿನ ಕೈಗೆ ಬರುವುದು ಘಟನೆಗಳ ಪಟ್ಟಿ. ಪಟ್ಟಿಯನ್ನು ಕ್ರಮವಾಗಿ ಜೋಡಿಸಲು ಬಂದರೆ ಕಥೆ ಅರ್ಥವಾಯಿತು ಎಂದು ನಾವು ಟಿಕ್ ಹಾಕಿಬಿಡುತ್ತೇವೆ. ಮಗಳು ಎಂಟು ಕಾರ್ಡನ್ನೂ ಸರಿಯಾಗಿ ಜೋಡಿಸಿದ ದಿನಗಳಲ್ಲಿ ನಾನು ಹಾಗೆಯೇ ಟಿಕ್ ಹಾಕಿದ್ದೆ. ಅವಳು ಊಟದ ಕಾರ್ಡು ತಂದಿಟ್ಟದ್ದು ಪಾಠದ ಲೆಕ್ಕದಲ್ಲಿ ‘ತಪ್ಪು’. ಆದರೆ ಕಥೆಯೊಳಗೆ ಅವಳು ಕಾಲಿಟ್ಟದ್ದು ಆಗಲೇ.

ನಾನು ಮಾಡಿದ ಎರಡನೆಯ ತಪ್ಪು ಸಾವನ್ನು ಅಳಿಸಿದ್ದು. ಹಾಡಿನಲ್ಲಿ ಹುಲಿ ಸಾಯುತ್ತದೆ. ಮರಳಿ ಬಂದ ಹಸುವನ್ನು ತಿನ್ನಲಾರದೆ ತಾನೇ ಪ್ರಾಣ ಬಿಡುತ್ತದೆ. ನಾನು ಅದನ್ನು ‘ಹುಲಿ ಒಳ್ಳೆಯದಾಯಿತು’ ಎಂದು ತಿದ್ದಿದ್ದೆ. ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದಾಗ, “ಏನೇ, ಹುಲೀನ ಬದುಕಿಸಿಬಿಟ್ಯಾ? ಹುಲಿ ಸಾಯ್ದೆ ಇದ್ರೆ ಅದು ಗೋವಿನ ಹಾಡು ಹೇಗಾಗತ್ತೆ?” ಎಂದು ನಕ್ಕರು. ಮಗುವಿಗೆ ಭಯವಾಗಬಾರದಲ್ಲ ಎಂದು ಸಮರ್ಥಿಸಿಕೊಂಡೆ. “ನೀನು ಭಯ ಬಿದ್ದಿದ್ದು ನಂಗೇನು ನೆನಪಿಲ್ಲ. ಅಳ್ತಾ ಇದ್ದೆ, ಆಮೇಲೆ ನಿದ್ದೆ ಮಾಡ್ತಿದ್ದೆ” ಅಂದರು.

ಹಾಡನ್ನು ಹೀಗೆ ಮತ್ತೆ ಯೋಚಿಸಿದಾಗ ಇನ್ನೊಂದು ಸಂಗತಿ ಕಾಣಿಸಿತು. ಅಲ್ಲಿ ಹುಲಿಗೆ ಯಾರೂ ಊಟ ಹಾಕುವುದಿಲ್ಲ. ಕರುವಿನ ಹಸಿವು ತೀರುತ್ತದೆ, ಹುಲಿಯದು ಕೊನೆಯತನಕ ಹಾಗೇ ಉಳಿಯುತ್ತದೆ. ಹಾಡು ಕಟ್ಟಿದ ಅನಾಮಿಕರಿಗೆ ಇದು ಗೊತ್ತಿತ್ತು. ಹುಲ್ಲು ತಿಂದು ಬದುಕು ಎಂದು ಹುಲಿಗೆ ಹೇಳಲಾಗದು ಎಂಬುದೂ ಗೊತ್ತಿತ್ತು. ತಿನ್ನುವುದಿಲ್ಲ ಎಂದು ನಿರ್ಧರಿಸಿದ ಹುಲಿಗೆ ಆ ನಿರ್ಧಾರ ಪುಕ್ಕಟೆಯಾಗಿ ಸಿಗುವುದಿಲ್ಲ. ಅವರು ಹುಲಿಯನ್ನು ಸಾಯಿಸಿದ್ದು ಕ್ರೌರ್ಯದಿಂದಲ್ಲ, ಲೆಕ್ಕ ತಪ್ಪಬಾರದೆಂದು. ನಾನು ಹುಲಿಯನ್ನು ಬದುಕಿಸಿ, ಹಸಿವನ್ನು ಮುಚ್ಚಿಟ್ಟು, ಕೊನೆಗೆ ‘ನಾವೂ ನಿಜ ಹೇಳೋಣ’ ಎಂದು ಬರೆದಿದ್ದೆ. ನಿಜ ಹೇಳದ ಆವೃತ್ತಿಯ ಕೊನೆಗೆ ನಿಜ ಹೇಳುವ ನೀತಿ!

ಆ ನೀತಿವಾಕ್ಯವೇ ಮೂರನೆಯ ತಪ್ಪು. 1990ರ ದಶಕದ ಆರಂಭದಲ್ಲಿ ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ ‘ಸೋಷಿಯಲ್ ಸ್ಟೋರಿ’ ಎಂಬ ಬರವಣಿಗೆಯ ಕ್ರಮವೊಂದನ್ನು ರೂಪಿಸಿದರು. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಏನಾಗುತ್ತದೆ, ಬಸ್ಸಿನಲ್ಲಿ ಜನ ಹೇಗಿರುತ್ತಾರೆ ಎಂಬಂಥ ಸಂದರ್ಭಗಳನ್ನು ಆಟಿಸಂ ಇರುವ ಮಕ್ಕಳಿಗೆ ಮುಂಚೆಯೇ ತಿಳಿಸಿ ಹೇಳುವ ಚಿಕ್ಕ ಬರಹಗಳು ಅವು. ನಮ್ಮ ಮನೆಯಲ್ಲಿ ಅವುಗಳಿಂದ ತುಂಬ ಉಪಕಾರವಾಗಿದೆ. ಕ್ಷೌರದಂಗಡಿಗೆ ಹೋಗಲು ಸಾಧ್ಯವಾದದ್ದೇ ಅವುಗಳಿಂದ. ಆದರೆ ಆ ಅಭ್ಯಾಸ ಎಲ್ಲ ಕಥೆಗಳಿಗೂ ಹಬ್ಬಿಬಿಟ್ಟರೆ ಕಷ್ಟ. ಆಮೆ-ಮೊಲ ಎಂದರೆ ಸಾಲಿನಲ್ಲಿ ತಾಳ್ಮೆಯಿಂದ ನಿಲ್ಲುವುದು, ಕಾಗೆ-ಹೂಜಿ ಎಂದರೆ ನೀರು ಕೇಳಿ ಕುಡಿಯುವುದು, ಪುಣ್ಯಕೋಟಿ ಎಂದರೆ ಸುಳ್ಳು ಹೇಳದಿರುವುದು. ಬೇರೆ ಮಕ್ಕಳು ಕಥೆ ಓದುವುದು ಖುಷಿಗೆ, ನಮ್ಮ ಮಕ್ಕಳು ಓದುವುದು ನಡತೆ ತಿದ್ದಿಕೊಳ್ಳುವುದಕ್ಕೆ ಎಂದಾಗುತ್ತದೆ. ಅವರ ಇಡೀ ದಿನವೇ ತರಬೇತಿ. ಚಮಚ ಹಿಡಿಯುವುದು ತರಬೇತಿ, ಗುಂಡಿ ಹಾಕುವುದು ತರಬೇತಿ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ತರಬೇತಿ. ಕಥೆಯನ್ನಾದರೂ ಬಿಟ್ಟುಕೊಡಬಾರದೇ?

ಇದಕ್ಕೆ ವಿರುದ್ಧವಾದ ಮಾತನ್ನೂ ಹೇಳಬೇಕು. ಮಗಳಿಗೆ ಕಲಿಸುವ ವಿಶೇಷ ಶಿಕ್ಷಕಿ ನನ್ನ ಉತ್ಸಾಹವನ್ನು ಕೇಳಿಸಿಕೊಂಡು ಹೇಳಿದರು: “ನೀವು ಒಂದು ಮಗುವಿನ ತಾಯಿ. ನನ್ನ ಕ್ಲಾಸಿನಲ್ಲಿ ಎಂಟು ಮಕ್ಕಳು. ಹುಲಿಯ ಮುಖವಾಡ ನೋಡಿ ಕಿರುಚಿಕೊಂಡು ಅರ್ಧ ಗಂಟೆ ಸಮಾಧಾನವಾಗದ ಮಗುವಿದೆ. ಸಾವು ಎಂದರೆ ಅಕ್ಷರಶಃ ತೆಗೆದುಕೊಂಡು, ಅಮ್ಮ ಆಫೀಸಿಗೆ ಹೋದರೆ ಸತ್ತುಹೋಗುತ್ತಾಳೆ ಎಂದು ವಾರಗಟ್ಟಲೆ ಅತ್ತ ಮಗುವಿದೆ. ಹಸುವಿನ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುವುದೇ ಇಡೀ ಕಥೆಯಾದ ಮಗುವೂ ಇದೆ. ಎಲ್ಲರಿಗೂ ನಿಮ್ಮ ದೊಡ್ಡ ಅರ್ಥ ಬೇಕಾಗಿಲ್ಲ.”

ಅವರ ಮಾತು ಸತ್ಯ. ಗಂಟೆಯ ಸದ್ದೇ ಕಥೆಯಾಗುವ ಮಗುವಿಗೆ ಗಂಟೆ ಕೊಡುವುದೇ ಸರಿ. ಆದರೆ ಆ ಮಗುವಿಗೆ ಬೇಕಾದದ್ದು ಅದು ಎಂದು ಗೊತ್ತಿದ್ದು ಕೊಡುವುದು ಬೇರೆ, ಎಂಟೂ ಮಕ್ಕಳಿಗೆ ಇಷ್ಟೇ ಸಾಕು ಎಂದು ಮೊದಲೇ ಗೆರೆ ಎಳೆಯುವುದು ಬೇರೆ. ಭಯಕ್ಕೂ ದಾರಿಗಳಿವೆ. ‘ಈ ಕಥೆಯಲ್ಲಿ ಕೊನೆಗೆ ಹುಲಿ ಸಾಯುತ್ತದೆ, ಅಮ್ಮ ಸಾಯುವುದಿಲ್ಲ’ ಎಂದು ಆರಂಭದಲ್ಲೇ ಹೇಳಬಹುದು. ಮುಖವಾಡವನ್ನು ಟೀಚರ್ ಹಾಕಿಕೊಳ್ಳುವ ಬದಲು ಮಗುವಿನ ಕೈಗೇ ಕೊಡಬಹುದು. ತಾನೇ ಹಾಕಿ ತಾನೇ ತೆಗೆಯುವ ಹುಲಿಗೆ ಮಗು ಅಷ್ಟು ಹೆದರುವುದಿಲ್ಲ. ಇದೂ ಆ ಶಿಕ್ಷಕಿಯೇ ಆಮೇಲೆ ಹೇಳಿಕೊಟ್ಟ ಉಪಾಯ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡುತ್ತದೆ. ಪಠ್ಯಕ್ರಮದಲ್ಲೂ ಪರೀಕ್ಷೆಯಲ್ಲೂ ಸೂಕ್ತ ಮಾರ್ಪಾಡು ಮಾಡಬೇಕೆಂದು ಹೇಳುತ್ತದೆ. ಮಾರ್ಪಾಡಿನಲ್ಲಿ ಎರಡು ಬಗೆ. ಒಂದು, ಹೋಗುವ ಊರು ಅದೇ, ದಾರಿ ಮಾತ್ರ ಬೇರೆ. ಇನ್ನೊಂದರಲ್ಲಿ ಊರೇ ಬೇರೆ. ಕಣ್ಣು ಕಾಣದ ಮಗುವಿಗೆ ಬ್ರೈಲ್ ಕೊಡುವುದು ಮೊದಲನೆಯದು. ಕಲಿಯುವ ಅಂಶವನ್ನೇ ಕಡಿಮೆ ಮಾಡುವುದು ಎರಡನೆಯದು. ಎರಡಕ್ಕೂ ಅವುಗಳದೇ ಸಂದರ್ಭಗಳಿವೆ. ತೊಂದರೆ ಆಗುವುದು ದಾರಿ ಬದಲಿಸಬೇಕಾದಲ್ಲಿ ಊರನ್ನು ಬದಲಿಸಿದಾಗ.

ಇದನ್ನು ನನಗೆ ಕಲಿಸಿದ್ದು ನಮ್ಮ ಕನ್ನಡ ಬಳಗದ ಇನ್ನೊಬ್ಬ ಹುಡುಗ. ನಾಲ್ಕನೆಯ ತರಗತಿ, ಕಣ್ಣು ಕಾಣುವುದಿಲ್ಲ. ಒಂದು ಭಾನುವಾರ ನಾಲ್ಕೈದು ಮನೆಗಳ ಮಕ್ಕಳು ನಮ್ಮಲ್ಲಿ ಸೇರಿದಾಗ ನನ್ನ ಎಂಟು ವಾಕ್ಯಗಳನ್ನು ಅವನಿಗೂ ಓದಿ ಹೇಳಿದೆ. ಮುಗಿಸಿದ ಮೇಲೆ ಮರ್ಯಾದೆಯಿಂದಲೇ ಕೇಳಿದ: “ಆಂಟಿ, ಇದು ಎಲ್‌ಕೆಜಿ ಕಥೇನಾ?” ಅವನ ಕಣ್ಣಿಗೂ ವಾಕ್ಯದ ಉದ್ದಕ್ಕೂ ಏನು ಸಂಬಂಧ? ಅವನಿಗೆ ಬೇಕಾದದ್ದು ಇಡೀ ಹಾಡು. ಹುಲಿ ಎಷ್ಟು ದೊಡ್ಡದಿರುತ್ತದೆ, ಗುಹೆಯೊಳಗೆ ಸದ್ದು ಹೇಗೆ ಕೇಳುತ್ತದೆ ಎಂದು ಯಾರಾದರೂ ಬಿಡಿಸಿ ಹೇಳಬೇಕು, ಅಷ್ಟೇ. ಭಾರತೀ ಬ್ರೈಲ್‌ನಲ್ಲಿ ಕನ್ನಡ ಓದುವುದನ್ನು ಅವನು ಈಗ ಕಲಿಯುತ್ತಿದ್ದಾನೆ. ಅಲ್ಲಿ ಒತ್ತಕ್ಷರ ನಮ್ಮ ಮುದ್ರಣದಲ್ಲಿರುವಂತೆ ಕೆಳಗೆ ಇಳಿಯುವುದಿಲ್ಲ, ಸಾಲಿನಲ್ಲೇ ಒಂದರ ಪಕ್ಕ ಒಂದು ಬರುತ್ತದೆ. ‘ನಿಮ್ಮ ಅಕ್ಷರಕ್ಕಿಂತ ನಮ್ಮದೇ ಸುಲಭ’ ಎನ್ನುತ್ತಾನೆ. ಕಿವಿ ಕೇಳದ ಮಗುವಿನ ಮಾತೂ ಹೀಗೆಯೇ. ಆ ಮಗುವಿಗೆ ಬೇಕಾದದ್ದು ಸನ್ನೆಭಾಷೆ, ಮೊಟಕಾದ ಕಥೆಯಲ್ಲ. ಎನ್‌ಸಿಇಆರ್‌ಟಿ ಪಠ್ಯಗಳನ್ನು ಭಾರತೀಯ ಸನ್ನೆಭಾಷೆಗೆ ತರಲು 2020ರಲ್ಲಿ ದೆಹಲಿಯ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಜೊತೆ ಒಪ್ಪಂದವಾಯಿತು. ಎನ್‌ಸಿಇಆರ್‌ಟಿಯೇ ತನ್ನ ‘ಬರ್ಖಾ’ ಕಥಾಮಾಲೆಯನ್ನು ಮುಟ್ಟಿ ತಿಳಿಯುವ ಚಿತ್ರಗಳ ಜೊತೆ ಎಲ್ಲ ಮಕ್ಕಳಿಗೂ ಒದಗುವಂತೆ ರೂಪಿಸಿತು. ಕಾಣುವ ಮಗುವೂ ಕಾಣದ ಮಗುವೂ ಒಂದೇ ಪುಸ್ತಕದ ಮೇಲೆ ಬಗ್ಗಿ ಕೂರಬಹುದು ಎಂಬುದು ಅದರ ಹಿಂದಿನ ಯೋಚನೆ. ‘ವಿಶೇಷ ಮಕ್ಕಳ ಆವೃತ್ತಿ’ ಎಂದು ಎಲ್ಲರಿಗೂ ಒಂದೇ ಮೊಟಕು ಪ್ರತಿ ಹಂಚುವುದಕ್ಕಿಂತ ಇದು ಎಷ್ಟೋ ವಾಸಿ.

ನನ್ನ ಕಥೆಯನ್ನು ಸರಿಮಾಡಲು ದಾರಿ ಸಿಕ್ಕಿದ್ದು ಮಾತ್ರ ಪಕ್ಕದ ಮನೆಯಿಂದ. ಅಲ್ಲಿಯ ತೆಲುಗು ಅಜ್ಜಿಯನ್ನು ನಮ್ಮ ಮನೆಯಲ್ಲೂ ‘ಅಮ್ಮಮ್ಮ’ ಎಂದೇ ಕರೆಯುತ್ತೇವೆ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವರು ಹೇಳುವುದು ಏಳು ಮೀನಿನ ಕಥೆ. ತೆಲುಗಿನ ಪ್ರತಿ ಮನೆಗೂ ಗೊತ್ತಿರುವ ಕಥೆ ಅದು. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಹಾಕುತ್ತಾರೆ, ಒಂದು ಒಣಗುವುದಿಲ್ಲ. ಯಾಕೆ ಎಂದರೆ ಮೀನು ಹುಲ್ಲಿನ ಬಣವೆಯ ಮೇಲೆ ಹೇಳುತ್ತದೆ, ಬಣವೆ ಹಸುವಿನ ಮೇಲೆ, ಹಸು ದನ ಕಾಯುವವನ ಮೇಲೆ, ಅವನು ಅಜ್ಜಿಯ ಮೇಲೆ, ಅಜ್ಜಿ ಅಳುವ ಮಗುವಿನ ಮೇಲೆ, ಮಗು ಇರುವೆಯ ಮೇಲೆ. ತನ್ನ ಬಂಗಾರದ ಗೂಡಿಗೆ ಬೆರಳಿಟ್ಟವರನ್ನು ಕಚ್ಚಿದೆ ಎಂದು ಇರುವೆ ಮುಗಿಸುತ್ತದೆ. ಕನ್ನಡದಲ್ಲಿ ಪಂಜೆ ಮಂಗೇಶರಾಯರ ಮಕ್ಕಳ ಕಥೆಯೊಂದರ ಹೆಸರೇ ‘ಸಿಗಡಿ ಯಾಕೆ ಒಣಗಲಿಲ್ಲ’.

ಈ ಕಥೆ ಚಿಕ್ಕದೇನಲ್ಲ. ಏಳೆಂಟು ಪಾತ್ರಗಳಿವೆ. ಆದರೂ ಮಗಳು ಒಂದು ಕೊಂಡಿಯನ್ನೂ ತಪ್ಪುವುದಿಲ್ಲ. ಅಮ್ಮಮ್ಮ ‘ಎಂದುಕು’ ಎಂದು ನಿಲ್ಲಿಸಿದ ತಕ್ಷಣ ಮುಂದಿನ ಪಾತ್ರದ ಕಡೆ ಬೆರಳು ತೋರಿಸುತ್ತಾಳೆ. ಒಂದೇ ಪ್ರಶ್ನೆ, ಒಂದೇ ರಾಗ, ಒಂದೇ ಜಾಗದಲ್ಲಿ ನಿಲುಗಡೆ. ಮುಂದೆ ಏನು ಬರುತ್ತದೆಂದು ಮೊದಲೇ ಗೊತ್ತಿರುವ ಧೈರ್ಯ. ವಿಶೇಷ ಶಿಕ್ಷಣದ ಕೈಪಿಡಿಗಳು ಹೇಳುವ ಪುನರಾವರ್ತನೆ, ಊಹಿಸಬಹುದಾದ ರಚನೆ, ಪಾಲ್ಗೊಳ್ಳಲು ಅವಕಾಶ, ಎಲ್ಲವೂ ಇಲ್ಲಿ ಮೊದಲಿನಿಂದಲೂ ಇವೆ. ಅಜ್ಜಿಯರು ಕಥೆಯನ್ನು ಕತ್ತರಿಸಿ ಸುಲಭ ಮಾಡಲಿಲ್ಲ, ಮತ್ತೆ ಮತ್ತೆ ಹೇಳಿ ಸುಲಭ ಮಾಡಿದರು. ‘ಯಾಕೆ’ ಎಂಬುದನ್ನು ತೆಗೆದುಹಾಕುವ ಬದಲು ಅದರಿಂದಲೇ ಕಥೆ ಹೆಣೆದರು.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಮಗಳಿಗೆ ಮೂರು ವರ್ಷವಾಗಿದ್ದಾಗ ಒಂದು ಚಿಕಿತ್ಸಾ ಕೇಂದ್ರದಲ್ಲಿ ‘ಮನೆಯಲ್ಲೂ ಇಂಗ್ಲಿಷ್ ಒಂದೇ ಇರಲಿ, ಕನ್ನಡ ಬಿಟ್ಟುಬಿಡಿ’ ಎಂದಿದ್ದರು. ಊರು ಬಿಟ್ಟು ಬಂದ ಎಷ್ಟೋ ಮನೆಗಳು ಕೇಳಿರುವ ಸಲಹೆ ಇದು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಇದುವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆಗ ನನಗದು ತಿಳಿದಿರಲಿಲ್ಲ. ಒಂದು ವರ್ಷ ಮಗಳ ಜೊತೆ ನನಗೇ ಸರಿಯಾಗಿ ಬಾರದ ಲಾಲಿಯ ಇಂಗ್ಲಿಷಿನಲ್ಲಿ ಮಾತಾಡಿದೆ. ಆ ವರ್ಷ ಅವಳಿಗೆ ಅಜ್ಜಿಯ ಫೋನು ಬರೀ ಸದ್ದಾಗಿತ್ತು. ಕಥೆಯಿಂದ ಕರುವನ್ನು ತೆಗೆದದ್ದಕ್ಕೂ ಮನೆಯಿಂದ ಕನ್ನಡವನ್ನು ತೆಗೆದದ್ದಕ್ಕೂ ಕಾರಣ ಒಂದೇ, ಇವಳಿಗೆ ಇಷ್ಟು ಸಾಕು ಎಂಬ ನನ್ನ ಅವಸರದ ತೀರ್ಮಾನ.

ಅಮ್ಮಮ್ಮನ ‘ಎಂದುಕು’ವನ್ನು ಕಡ ತಂದು ಪುಣ್ಯಕೋಟಿಯನ್ನು ಮತ್ತೆ ಬರೆದೆ:

ಹುಲಿಗೆ ತುಂಬ ಹಸಿವು. ಹಸುವಿನ ಮನೆಯಲ್ಲಿ ಕರು ಇದೆ. ಕರುವಿಗೂ ಹಸಿವು.
ಹುಲಿ ಹಸುವನ್ನು ಹಿಡಿಯಿತು. ಯಾಕೆ? ಹುಲಿಗೆ ಹಸಿವು.
ಹಸು ‘ಮನೆಗೆ ಹೋಗಿ ಬರುತ್ತೇನೆ’ ಅಂದಿತು. ಯಾಕೆ? ಕರುವಿಗೆ ಹಸಿವು.
ಹುಲಿ ಮೊದಲು ನಂಬಲಿಲ್ಲ. ಆಮೇಲೆ ಬಿಟ್ಟಿತು.
ಕರು ಹಾಲು ಕುಡಿಯಿತು. ಕರುವಿನ ಹಸಿವು ಹೋಯಿತು.
ಹಸು ಮತ್ತೆ ಹುಲಿಯ ಹತ್ತಿರ ಬಂತು. ಯಾಕೆ? ಬರುತ್ತೇನೆ ಅಂದಿತ್ತು.
ಹುಲಿ ಹಸುವನ್ನು ತಿನ್ನಲಿಲ್ಲ. ಯಾಕೆ?
ಹುಲಿಯ ಹಸಿವು ಹೋಗಲಿಲ್ಲ. ಹುಲಿ ಸತ್ತುಹೋಯಿತು.

ಇದು ಮೊದಲಿನದಕ್ಕಿಂತ ಉದ್ದ. ಆದರೂ ಮಗಳಿಗೆ ಬೇಗ ಹತ್ತಿತು. ಏಳನೆಯ ಸಾಲಿನ ‘ಯಾಕೆ’ಗೆ ಉತ್ತರದ ಕಾರ್ಡು ಮಾಡಲಿಲ್ಲ. ಅಲ್ಲಿ ಒಂದು ಖಾಲಿ ಕಾರ್ಡು ಇದೆ. ಭಾನುವಾರದ ಗುಂಪಿನಲ್ಲಿ ಒಬ್ಬ ಹುಡುಗಿ ಅಲ್ಲಿ ಕರುವನ್ನಿಟ್ಟಳು. ಕಣ್ಣು ಕಾಣದ ಹುಡುಗ ‘ಹುಲಿಗೆ ನಾಚಿಕೆ ಆಯ್ತು’ ಅಂದ. ಗೊಲ್ಲ ಹಸುಗಳನ್ನು ಹೆಸರು ಹಿಡಿದು ಕರೆಯುವ ಭಾಗವನ್ನೂ ಸೇರಿಸಿಕೊಂಡೆವು. ಒಂದೊಂದು ಹಸುವಿಗೆ ಒಂದೊಂದು ಮಗುವಿನ ಹೆಸರು. ತನ್ನ ಹೆಸರು ಬಂದಾಗ ಮಾತು ಬರುವವರು ‘ಅಂಬಾ’ ಎನ್ನುತ್ತಾರೆ, ಬಾರದವರು ಗಂಟೆ ಅಲ್ಲಾಡಿಸುತ್ತಾರೆ. ಯಾರೂ ದೊಡ್ಡಿಯ ಹೊರಗೆ ಉಳಿಯುವುದಿಲ್ಲ.

ಪಾಠ ಮಾರ್ಪಡಿಸಲು ಹೊರಡುವ ತಂದೆತಾಯಿಗಳಿಗೂ ಶಿಕ್ಷಕರಿಗೂ ನನ್ನ ಅನುಭವದಿಂದ ಹೇಳಬಹುದಾದ್ದು ಇಷ್ಟು. ಕತ್ತರಿ ಎತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕಥೆಯಲ್ಲಿ ಯಾರಿಗೆ ಏನು ಬೇಕಾಗಿದೆ? ಅದು ಸಿಗದಂತೆ ಅಡ್ಡ ಬಂದದ್ದು ಯಾವುದು? ಕಥೆ ಮುಗಿದ ಮೇಲೂ ಬಗೆಹರಿಯದೆ ಉಳಿಯುವುದು ಏನು? ಈ ಮೂರನ್ನು ಬಿಟ್ಟು ಬೇರೆ ಏನನ್ನು ಬೇಕಾದರೂ ಕತ್ತರಿಸಿ. ಪುಸ್ತಕ ಸಿಗದಿದ್ದರೆ ಕರ್ನಾಟಕದ ಪಠ್ಯಪುಸ್ತಕಗಳ ಪಿಡಿಎಫ್ ಅಂತರ್ಜಾಲದಲ್ಲಿವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಅವುಗಳನ್ನು ತಿದ್ದಿ ಬಳಸಬಹುದು.

ಹೊಸ ಆವೃತ್ತಿ ಹೇಳಿದ ಮೊದಲ ದಿನವೂ ಮಗಳು ಊಟದ ಕಾರ್ಡು ತಂದು ಹುಲಿಯ ಮೇಲಿಟ್ಟಳು. “ಇಲ್ಲ ಪುಟ್ಟಿ, ಹುಲಿಗೆ ಊಟ ಸಿಗಲಿಲ್ಲ” ಅಂದೆ. ನನ್ನ ಮುಖ ನೋಡಿದಳು. ಕಾರ್ಡನ್ನು ವಾಪಸು ತೆಗೆದು ಫೈಲಿಗೆ ಅಂಟಿಸಿದಳು. ಆ ರಾತ್ರಿ ಊಟಕ್ಕೆ ಕೂತಾಗ ಅವಳ ತಟ್ಟೆಯ ಪಕ್ಕದಲ್ಲಿ ಹುಲಿಯ ಚಿತ್ರವಿತ್ತು. ಅದರ ಮೇಲೆ ನಾಲ್ಕು ಅಗುಳು ಮೊಸರನ್ನ.